ಕೆಂಪಿ ಯಾಕೆ ನಿಲ್ಲುತ್ತಿಲ್ಲ

ಫೆಬ್ರವರಿ ೨, ಭಾನುವಾರ

ತಂಗಿ ಜೋಹ್ರಾ ಇನ್ನು ಮುಂದೆ ಕಾಗದ ಬರೆಯಬೇಡ ಅಂದುಬಿಟ್ಟಳು. "ಅಕ್ಕಾ, ನಿನ್ನ ಅಕ್ಷರ ಓದಿ ಮುಗಿಸೋಷ್ಟರಲ್ಲಿ ಸುದ್ದಿ ಹಳೇದಾಗಿರುತ್ತೆ. ಫೋನಲ್ಲಿ ಮಾತಾಡಿ ಕಳಿಸು, ಈರುಳ್ಳಿ ಹೆಚ್ಚುತ್ತಾ ಕೇಳಿಸ್ಕೋತೀನಿ." ನನ್ನ ಮಾತಿಗೆ ಬಂದ ಬೆಲೆ ನೋಡು. ತಲೆ ನರೆತ ಮೇಲೆ ಮಸೀದಿ ಪಕ್ಕದ ಕೋಣೆಯಲ್ಲಿ ಕೂತು, ಮಕ್ಕಳ ಹಾಗೆ ಬೈಸಿಕೊಂಡು ಕಲಿತ ಅಕ್ಷರ ಇದು. ತುಕ್ಕು ಹಿಡಿಯಲು ಬಿಡಲಾರೆ. ಇವತ್ತಿನಿಂದ ನನಗೆ ನಾನೇ ಬರೆದುಕೊಳ್ಳುತ್ತೇನೆ. ಉಮ್ಮುಲ್‌ಖೈರ್‌ಗೆ ಉಮ್ಮುಲ್‌ಖೈರ್ ಮಾಡುವ ಸಲಾಮುಗಳು. ನಾನು ಕ್ಷೇಮ, ನೀನೂ ಕ್ಷೇಮ ಅಂತ ತಿಳಿದಿದ್ದೇನೆ.

ಸುದ್ದಿ ಇಷ್ಟು. ಜೋಹ್ರಾಳ ಮಗಳು ಸುಂದುಸ್ ಖರ್ಜೂರದ ಕೊಯ್ಲಿನಿಂದಲೂ ನಮ್ಮ ಮನೆಯಲ್ಲೇ ಇದ್ದಾಳೆ. ದೊಡ್ಡಮ್ಮನಾದ ನನ್ನನ್ನು ಖಾಲ್ತಿ ಅನ್ನುತ್ತಾಳೆ. ಖರ್ಜೂರ ತುಂಬುವ ಹಳೆಯ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು, ಬಿಳಿ ಸುಣ್ಣ ಹೊಡೆಸಿ, ಒಳಗೆ ಪಂಪು, ಕೊಳವೆ, ಗಾಜು ಎಲ್ಲ ಜೋಡಿಸಿಕೊಂಡಿದ್ದಾಳೆ. ನಮ್ಮ ಒಂಟೆಗಳ ಹಾಲು ಅಲ್ಲಿಗೆ ಹೋಗುತ್ತದೆ. ಕೆನೆ ತೆಗೆದು, ಹಾಲು ಒಡೆಸಿ, ಗಟ್ಟಿಯದನ್ನು ಬೇರೆ ಮಾಡಿ, ಉಳಿದ ತಿಳಿನೀರಿನಿಂದ ಒಂದೇ ಒಂದು ಪ್ರೋಟೀನನ್ನು ಹೆಕ್ಕಿ ತೆಗೆಯುತ್ತಾಳಂತೆ. ಔಷಧ ಮಾಡುವವರಿಗೆ, ಹಸುಗೂಸಿನ ಆಹಾರ ಮಾಡುವವರಿಗೆ ಅದು ಬೇಕಂತೆ. ಅದರ ಹೆಸರು ನನ್ನ ಬಾಯಲ್ಲಿ ಹಿಡಿಸುವುದಿಲ್ಲ. ಕಬ್ಬಿಣ ಹೊತ್ತುಕೊಂಡು ತಿರುಗುವುದರಿಂದ ನಸುಗೆಂಪಾಗಿರುತ್ತದೆ ಅಂದಳು. ಕೆಂಪಿ ಅಂತ ಹೆಸರಿಟ್ಟೆ.

ತಿಂಗಳ ಕೊನೆಗೆ, ರಂಜಾನಿಗೆ ಮುಂಚೆ, ರಾಜಧಾನಿಯಿಂದ ಕಂಪನಿಯವರು ಬರುತ್ತಾರೆ. ಅವರ ಕಣ್ಣೆದುರು ಕೆಂಪಿ ಬೇರೆಯಾಗಿ ಬಂದರೆ ಕೊಟ್ಟಿಗೆ ಉಳಿಯುತ್ತದೆ, ನಮ್ಮ ಕಡೆಯ ಒಂಟೆಗಳ ಹಾಲನ್ನೆಲ್ಲ ಕೊಳ್ಳುತ್ತಾರೆ. ಬರದಿದ್ದರೆ ಬೀಗ. ಸುಂದುಸ್ ಕಾನ್‌ಸ್ಟಾಂಟೀನ್ ಪಟ್ಟಣಕ್ಕೆ ವಾಪಸು. ನಾಲ್ಕು ವರ್ಷ ಇದೊಂದನ್ನೇ ಹಿಡಿದುಕೊಂಡು ಕೂತ ಹುಡುಗಿ.

ಬೆಳಿಗ್ಗೆ ಮೈದುನ ಲಖ್ದರ್ ಹಾಲು ಕರೆದು ತಂದ. ಅಡುಗೆಮನೆಯಲ್ಲಿ ಸೋಸಿ, ಬಿಸ್ಮಿಲ್ಲಾ ಅಂದು ಒಂದು ಹಿಡಿ ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಕಳಿಸಿದೆ. ಪರರ ಕೈ ಸೇರುವ ಹಾಲು, ಕಣ್ಣು ಬೀಳದಿರಲಿ ಅಂತ, ನಮ್ಮ ತಾಯಿಯ ಕಾಲದಿಂದ ಹಾಗೇ ಹೋಗುವುದು. ದಾರಿಯಲ್ಲಿ ತುರ್ಕಿಯಾಳ ಮನೆ ಬೇರೆ ಇದೆ. ಅವಳ ಆ ತಿಳಿ ಕಣ್ಣು! ಹೋದ ವರ್ಷ ನಮ್ಮ ಲಲ್ಲಾಳನ್ನು ನೋಡಿ "ಅಬ್ಬಾ, ಎಂಥ ಕೆಚ್ಚಲು" ಅಂದಳು, ಮಾಶಾ ಅಲ್ಲಾ ಅಂತ ದೇವರ ಹೆಸರು ಸೇರಿಸದೆ. ಲಲ್ಲಾ ಮಾರನೇ ದಿನ ಹಾಲೇ ಇಳಿಸಲಿಲ್ಲ. ಒಂಟೆಗಳಲ್ಲಿ ರಾಣಿ ಅವಳು, ಅದಕ್ಕೇ ಲಲ್ಲಾ ಅಂತ ಹೆಸರು. ಅವಳಿಗೇ ಹೀಗಾದರೆ!

ಫೆಬ್ರವರಿ ೪, ಮಂಗಳವಾರ

ಸುಂದುಸ್ ಊಟ ಬಿಟ್ಟಳು. ಕೆಂಪಿ ನಿಲ್ಲುತ್ತಿಲ್ಲವಂತೆ.

ಎಲ್ಲಿ ನಿಲ್ಲಬೇಕು ಅಂತ ಕೇಳಿದೆ. ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಚಹಾ ಲೋಟದಷ್ಟು ಒಂದು ಬಿಳಿ ಡಬ್ಬಿ. ಅದರೊಳಗೆ ಸುರುಳಿ ಸುತ್ತಿದ ಪೊರೆ. ಹಾಲಿನ ತಿಳಿ ಇತ್ತ ಹೋಗಿ ಅತ್ತ ಬರುತ್ತದೆ.

"ಜರಡಿ," ಅಂದೆ.

"ಜರಡಿ ಅಲ್ಲ ಖಾಲ್ತಿ. ಇದರ ತೂತು ದೊಡ್ಡದು, ಎಲ್ಲಾ ಪ್ರೋಟೀನೂ ಹಾದು ಹೋಗಬಹುದು."

"ತೂತು ದೊಡ್ಡದಾದರೆ ಹಿಡಿಯೋದು ಏನನ್ನ? ಮೋಸ ಹೋಗಿದ್ದೀಯ ಮಗಾ. ಯಾರು ಮಾರಿದರು ಇದನ್ನ?"

"ಪೊರೆಯ ಮೈಯಲ್ಲಿ ಋಣ ವಿದ್ಯುತ್ ಇದೆ. ಕೆಂಪಿಯ ಮೈಯಲ್ಲಿ ಧನ. ಅದಕ್ಕೇ ಕೆಂಪಿ ಹೋಗಿ ಅಂಟಿಕೊಳ್ಳುತ್ತೆ. ಮಿಕ್ಕವರಲ್ಲಿ ಹೆಚ್ಚಿನವರದ್ದು ಋಣ, ಅವರು ಮುಂದೆ ಹೋಗ್ತಾರೆ."

"ಧನ ಇದ್ದೋಳು ಋಣ ಇದ್ದೋರ ಮನೆಗೆ ತಾನಾಗೇ ಹೋಗಿ ಅಂಟಿಕೊಂಡಿದ್ದನ್ನ ಎಲ್ಲಾದರೂ ಕಂಡಿದ್ದೀಯಾ?"

ಅವಳು ಹಣೆ ಹಿಡಿದುಕೊಂಡಳು. ನಗು ತಡೆಯುತ್ತಿದ್ದಳೋ ಅಳು ತಡೆಯುತ್ತಿದ್ದಳೋ ಗೊತ್ತಾಗಲಿಲ್ಲ. ಓದಿದವರಿಗೆ ಸರಳ ಪ್ರಶ್ನೆ ಕೇಳಬಾರದು.

ನನಗನಿಸುವುದು, ಕೊಟ್ಟಿಗೆಗೆ ಯಾರದೋ ಕಣ್ಣು ಬಿದ್ದಿದೆ. ಹೊಸ ಸುಣ್ಣ ಹೊಡೆಸಿದಾಗಲೇ ಹೇಳಿದೆ, ಅಷ್ಟು ಬಿಳಿ ಬೇಡ ಅಂತ.

ಫೆಬ್ರವರಿ ೬, ಗುರುವಾರ

ಒಳ್ಳೆಯ ಸುದ್ದಿ! ಮರಳ ಗಾಳಿ ಬೀಸುತ್ತಿತ್ತು, ಫೋನು ಕರಕರ ಅನ್ನುತ್ತಿತ್ತು. ಆದರೂ ಸುಂದುಸ್ ಕೊಟ್ಟಿಗೆಯಿಂದ ಫೋನು ಮಾಡಿ ಕೂಗಿ ಹೇಳಿದಳು. "ಖಾಲ್ತಿ, ಹಾಲು ಮ್ಲೀಹ್! ತುಂಬಾ ಮ್ಲೀಹ್!"

ಮ್ಲೀಹ್! ಚೆನ್ನಾಗಿದೆಯಂತೆ, ತುಂಬಾ ಚೆನ್ನಾಗಿದೆಯಂತೆ! ಇಷ್ಟು ದಿನದಲ್ಲಿ ಅವಳ ಬಾಯಿಂದ ಹಾಲಿಗೆ ಬಂದ ಮೊದಲ ಹೊಗಳಿಕೆ. ಗಾಳಿಗೆ ಮಿಕ್ಕ ಮಾತು ಕೇಳಿಸಲಿಲ್ಲ. "ಅಲ್ಹಮ್ದುಲಿಲ್ಲಾ ಮಗಳೇ, ನಾಳೆ ಇನ್ನೂ ಚೆನ್ನಾಗಿರುತ್ತೆ" ಅಂದೆ. ಆ ಕಡೆಯಿಂದ ಏನೋ ಕಿರುಚಿದಳು. ಸಂತೋಷಕ್ಕೇ ಇರಬೇಕು.

ಲೈನಿನಲ್ಲಿ ಹಾಗೆ ಬಾಯಿಬಿಟ್ಟು ಹೊಗಳಿದ್ದನ್ನು ಯಾರು ಕೇಳಿಸಿಕೊಂಡರೋ. ನಾಳೆಯಿಂದ ಎರಡು ಹಿಡಿ ಹಾಕುತ್ತೇನೆ.

ಫೆಬ್ರವರಿ ೯, ಭಾನುವಾರ

ಈ ಮನೆಯಲ್ಲಿ ಇಂಥ ಮಾತು ಕೇಳುತ್ತೇನೆ ಅಂದುಕೊಂಡಿರಲಿಲ್ಲ.

ಸುಂದುಸ್ ಚಹಾ ಲೋಟವನ್ನು ಕೆಳಗಿಟ್ಟು, "ಖಾಲ್ತಿ, ಕೋಪ ಮಾಡ್ಕೋಬೇಡ. ನಿನ್ನ ಒಂಟೆಗಳ ಹಾಲು ಉಪ್ಪುಪ್ಪು" ಅಂದಳು.

ಲಖ್ದರ್ ಬಾಗಿಲಲ್ಲಿ ನಿಂತಿದ್ದವನು ಹಾಗೇ ಗೋಡೆಗೆ ಒರಗಿಬಿಟ್ಟ. ನನ್ನ ಗಂಡನ ತಮ್ಮ ಅವನು, ಹಲ್ಲು ಮೂಡಿದಾಗಿನಿಂದ ಒಂಟೆಗಳ ಹಿಂದೆ ಇದ್ದವನು.

"ಮಗಳೇ, ಲಲ್ಲಾಳ ಅಜ್ಜಿಯ ಹಾಲು ಕುಡಿದು ನಿಮ್ಮಮ್ಮ ಬೆಳೆದಿದ್ದು," ಅಂದೆ.

"ಫೋನಲ್ಲೂ ಅದನ್ನೇ ಹೇಳಿದೆನಲ್ಲ."

ಫೋನಿನಲ್ಲಿ ಹೊಗಳುವುದು, ಮುಖ ನೋಡಿ ತೆಗಳುವುದು. ಪಟ್ಟಣದ ನಡತೆ ಅಂದರೆ ಇದು. ಜೋಹ್ರಾ, ನಿನ್ನ ಮಗಳನ್ನ... ಅಯ್ಯೋ, ಇದು ಕಾಗದ ಅಲ್ಲ, ಮರೆತೆ.

ಅವಳ ಹತ್ತಿರ ಒಂದು ಕಡ್ಡಿ ಇದೆ, ಮೀಟರಂತೆ. ಹಾಲಿನಲ್ಲಿ ಅದ್ದಿದರೆ ಕರೆಂಟು ಎಷ್ಟು ಸರಾಗವಾಗಿ ಓಡುತ್ತದೆ ಅಂತ ತೋರಿಸುತ್ತದೆ. ಉಪ್ಪು ಹೆಚ್ಚಾದಷ್ಟೂ ಸರಾಗ. ಒಂಟೆಗಳು ಜವುಳು ನೆಲದ ಉಪ್ಪು ಗಿಡ ತಿನ್ನುವುದರಿಂದ ಹೀಗಾಗಿದೆ, ಮೇವಿನ ಜಾಗ ಬದಲಿಸಿ ಅನ್ನುತ್ತಾಳೆ.

"ಅಮ್ಮಿ ಲಖ್ದರ್, ಉತ್ತರದ ದಿಬ್ಬದ ಕಡೆ ಹೊಡಕೊಂಡು ಹೋಗಿ ನೋಡೋಣ," ಅಂದಳು ಮೆತ್ತಗೆ. ಚಿಕ್ಕಪ್ಪನಿಗೆ ಅಮ್ಮಿ ಅನ್ನುವುದು ನಮ್ಮ ಕಡೆ.

"ಉಪ್ಪು ಗಿಡ ತಿನ್ನದ ಒಂಟೆ ಒಂಟೇನಾ? ಮೇಕೆ ಸಾಕ್ಕೊಳ್ಳಿ ಹಂಗಾದ್ರೆ," ಅಂತ ಲಖ್ದರ್ ಹೊರಟುಹೋದ. ಆದರೂ ಮಧ್ಯಾಹ್ನವೇ ಒಂಟೆಗಳನ್ನು ಆ ಕಡೆ ಹೊಡೆದುಕೊಂಡು ಹೋದ. ಬೈದುಕೊಂಡೇ ಕೆಲಸ ಮಾಡುವವನು ಅವನು.

ಸಂಜೆ ಹಾಲು ತಂದೊಡನೆ ನಾನು ಮೂರು ಹಿಡಿ ಹಾಕಿದೆ. ಲಲ್ಲಾಳಂಥವಳಿಗೆ ಮನೆಯೊಳಗಿನವರೇ ಇಂಥ ಮಾತು ಆಡಿದ ಮೇಲೆ ಹೊರಗಿನವರ ಕಣ್ಣು ಸುಮ್ಮನಿರುತ್ತದೆಯೇ?

ಫೆಬ್ರವರಿ ೧೧, ಮಂಗಳವಾರ

ಮೇವು ಬದಲಿಸಿದ ಮೇಲೆ ಹಾಲು ಇನ್ನೂ ಉಪ್ಪಾಯಿತಂತೆ. ಲಖ್ದರನಿಗೆ ಎಷ್ಟು ಸಂತೋಷ ಅಂದರೆ ಇಬ್ಬರ ಊಟ ಒಬ್ಬನೇ ಮಾಡಿದ.

ಫೆಬ್ರವರಿ ೧೩, ಗುರುವಾರ

ಸುಂದುಸ್ ಕಣ್ಣಿನ ಕೆಳಗೆ ಕಪ್ಪು. ಎಣ್ಣೆ ಹಚ್ಚಲು ಕೂರಿಸಿದೆ. ತಲೆ ನನ್ನ ಮಡಿಲಲ್ಲಿ ಇಟ್ಟುಕೊಂಡೇ ಉಪ್ಪಿನ ತಾಪತ್ರಯ ವಿವರಿಸಿದಳು.

ಉಪ್ಪಿನಲ್ಲೂ ಧನ ಇದೆಯಂತೆ. ಹಾಲಿನಲ್ಲಿ ಉಪ್ಪು ಹೆಚ್ಚಾದರೆ, ಅದು ಗುಂಪುಗೂಡಿ ಬಂದು ಪೊರೆಯ ಮೇಲೆ ಕೆಂಪಿ ಕೂರಬೇಕಾದ ಜಾಗದಲ್ಲೆಲ್ಲ ಕೂತುಬಿಡುತ್ತದೆ. ಕೆಂಪಿಗೆ ಜಾಗವಿಲ್ಲದೆ ಮಿಕ್ಕವರ ಜೊತೆ ಬಕೆಟ್ಟಿಗೆ ಹೋಗುತ್ತಾಳೆ. ಎಲ್ಲ ಮುಗಿದು, ಮಿಕ್ಕವರೆಲ್ಲ ಹೋದ ಮೇಲೆ, ಬೇಕೆಂದೇ ಉಪ್ಪುನೀರು ಬಿಡುತ್ತಾರೆ. ಆಗ ಉಪ್ಪು ಬಂದು ಕೆಂಪಿಯನ್ನು ಎಬ್ಬಿಸುತ್ತದೆ. ಕೆಂಪಿ ಒಬ್ಬಳೇ ಬೇರೆ ಪಾತ್ರೆಗೆ ಬರುತ್ತಾಳೆ.

ನನಗೆ ತಕ್ಷಣ ಅರ್ಥವಾಯಿತು. ಮದುವೆಮನೆ ಇದ್ದ ಹಾಗೆ. ಹುಡುಗಿ ಬರುವ ಮೊದಲೇ ನೆಂಟರು ಬಂದು ಅವಳ ದಿಂಬಿನ ಮೇಲೆ ಕೂತರೆ ಅವಳು ಎಲ್ಲಿ ಕೂರಬೇಕು? ಅದೇ ನೆಂಟರು ಕೊನೆಗೆ ಬಂದು, ಏಳಮ್ಮಾ ಗಂಡನ ಮನೆಗೆ ಹೊರಡು ಅಂತ ಎಬ್ಬಿಸಿದರೆ ಶೋಭೆ.

"ಹಾಗೇ ಖಾಲ್ತಿ! ಥೇಟ್ ಹಾಗೇ!" ಅಂತ ಎದ್ದು ಕೂತಳು, ಎಣ್ಣೆ ಕೈಗೆಲ್ಲ ಆಯಿತು.

"ನೀರು ಬೆರೆಸಿ ತೆಳ್ಳಗೆ ಮಾಡಬಾರದಾ?"

"ಮಾಡಬಹುದು. ಅಷ್ಟು ಶುದ್ಧ ನೀರು ಈ ಊರಲ್ಲಿ ಎಲ್ಲಿಂದ ತರಲಿ? ಇರೋದರಲ್ಲೇ ಪೊರೆ ತೊಳೀಬೇಕು, ಕೊನೆಯ ಉಪ್ಪುನೀರೂ ಕಲಸಬೇಕು. ಕಂಪನಿಯವರು ಮೊದಲು ಕೇಳೋದೇ ನೀರಿನ ವಿಷಯ."

ಪಾಪ. ಎಷ್ಟು ಬಿಡಿಸಿ ಹೇಳುತ್ತಾಳೆ. ಉಪ್ಪು ಎಂಥ ಶಕ್ತಿಯ ವಸ್ತು ಅಂತ ನಮ್ಮ ತಾಯಿ ಹೇಳುತ್ತಿದ್ದುದು ಈಗ ವಿಜ್ಞಾನವೇ ಒಪ್ಪಿತು.

ಬೆಳಿಗ್ಗೆ ಹಾಲು ಕಳಿಸಿದೆ. ರಕ್ಷೆಗೆ ಧಾರಾಳವಾಗಿಯೇ ಹಾಕಿದ್ದೆ, ಅವಳ ಮುಖ ನೋಡಲಾಗದೆ.

ಫೆಬ್ರವರಿ ೧೭, ಸೋಮವಾರ

ಮನೆ ಒಡೆಯಿತು.

ಸುಂದುಸ್ ಬೆಳಿಗ್ಗೆ ತಾನೇ ಒಂಟೆಯ ಹಟ್ಟಿಗೆ ಹೋಗಿ, ಒಂದೊಂದು ಒಂಟೆಯದ್ದೂ ಬೇರೆ ಬೇರೆ ಶೀಶೆಯಲ್ಲಿ ಹಾಲು ಹಿಡಿಸಿಕೊಂಡಳು. ಲಲ್ಲಾ ಅವಳ ಕೋಟಿನ ತೋಳು ಅಗಿದಳು. ಅಪರಿಚಿತರು ಕೆಚ್ಚಲಿನ ಹತ್ತಿರ ಬರುವುದು ಅವಳಿಗೆ ಸೇರುವುದಿಲ್ಲ. ಶೀಶೆಯ ಹಾಲಿಗೆ ಕಡ್ಡಿ ಅದ್ದಿದರೆ ಎಲ್ಲವೂ ಸರಿಯಾಗಿದೆ! ಯಾವ ಒಂಟೆಯ ಹಾಲೂ ಉಪ್ಪಲ್ಲ! (ಲಲ್ಲಾಳ ಮರ್ಯಾದೆ ಉಳಿಯಿತು. ನಾನು ಮೊದಲೇ ಹೇಳಿದ್ದೆ.) ಆದರೆ ಕೊಟ್ಟಿಗೆಗೆ ಬಂದ ಕ್ಯಾನಿನ ಹಾಲು ಉಪ್ಪು.

ಕೆಚ್ಚಲಿಗೂ ಕೊಟ್ಟಿಗೆಗೂ ನಡುವೆ ಇರುವುದು ಲಖ್ದರ್ ಮತ್ತು ಅವನ ಪಿಕಪ್ ಗಾಡಿ.

ಸುಂದುಸ್ ಒರಟಾಗಿ ಹೇಳಲಿಲ್ಲ, ಅದು ನಿಜ. "ಅಮ್ಮಿ ಲಖ್ದರ್, ಹಾಲಿಗೆ ನೀರು ಬೆರೆಸೋರು ಗೊತ್ತಾಗದೆ ಇರಲಿ ಅಂತ ಉಪ್ಪು ಹಾಕೋದುಂಟು. ನೀವು ಅಂತ ಅಲ್ಲ... ದಾರೀಲಿ ಯಾರಾದರೂ..."

"ನೀರಾ?" ಅಂದ ಲಖ್ದರ್. "ನಾನಾ?"

ಒಂಟೆ ಸಾಕುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ರುಮಾಲು ಬಿಚ್ಚಿ, ಜಾಡಿಸಿ, ಮತ್ತೆ ಕಟ್ಟಿಕೊಂಡ. ಅವನಿಗೆ ಅಳು ಬಂದಾಗ ಹಾಗೆ ಮಾಡುತ್ತಾನೆ. "ಹಾಜ್ಜಾ, ನಿಮ್ಮ ಒಂಟೆ ನಿಮ್ಮದು" ಅಂದು, ಹಜ್ ಮಾಡಿಬಂದ ಅತ್ತಿಗೆ ಅನ್ನುವುದನ್ನೂ ನೋಡದೆ, ಪಕ್ಕದ ಹಳ್ಳಿಯ ಅಕ್ಕನ ಮನೆಗೆ ನಡೆದುಕೊಂಡೇ ಹೋದ. ಗಾಡಿಯನ್ನೂ ಮುಟ್ಟಲಿಲ್ಲ.

ಯಾರು ಹಾಕುತ್ತಿರಬಹುದು? ಅಂಥ ನಾಚಿಕೆಗೆಟ್ಟವರು ಯಾರು? ತುರ್ಕಿಯಾ ಗಾಡಿ ನಿಲ್ಲಿಸಿ ಮಾತಾಡಿಸುತ್ತಾಳೆ ಅಂತ ಲಖ್ದರ್ ಹೇಳಿದ್ದ. ಮುಚ್ಚಳ ತೆಗೆದು ಹಾಕುತ್ತಾಳೋ? ಆದರೆ ಮುಚ್ಚಳ ಬಿಗಿಯುವವಳು ನಾನು, ಅದನ್ನು ತೆಗೆಯಲು ಇಬ್ಬರು ಗಂಡಸರು ಬೇಕು. ಮುಚ್ಚುವ ಮುಂಚೆ ಅಡುಗೆಮನೆಯಲ್ಲಿ ಹಾಲಿನ ಹತ್ತಿರ ಬೇರೆ ಯಾರೂ ಸುಳಿಯುವುದಿಲ್ಲ. ನಾನು ಸೋಸುತ್ತೇನೆ, ಕಣ್ಣಿಗೆ ಅಂತ ಹಿಡಿ ಹಾಕುತ್ತೇನೆ. ಅದು ಉಪ್ಪಲ್ಲ, ರಕ್ಷೆ. ಅದು ಬಿಟ್ಟರೆ ಹಾಲಿಗೆ ಒಂದು ಹರಳೂ

ಫೆಬ್ರವರಿ ೧೮, ಮಂಗಳವಾರ

ಅದು ಉಪ್ಪು.

ಫೆಬ್ರವರಿ ೧೯, ಬುಧವಾರ

ಹೇಳಿಬಿಟ್ಟೆ. ಸುಂದುಸ್ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಎಷ್ಟು?"

"ಮೊದಲು ಒಂದು ಹಿಡಿ. ನೀನು ಚೆನ್ನಾಗಿದೆ ಅಂದ ಮೇಲೆ ಎರಡು. ಆಮೇಲೆ ಲೆಕ್ಕ ಇಡಲಿಲ್ಲ."

"ನಾನು ಯಾವಾಗ ಚೆನ್ನಾಗಿದೆ ಅಂದೆ?"

"ಗಾಳಿ ಬೀಸಿದ ದಿನ, ಫೋನಲ್ಲಿ. ಮ್ಲೀಹ್, ತುಂಬಾ ಮ್ಲೀಹ್ ಅಂತ ಕೂಗಿದೆಯಲ್ಲ."

"ಮಾಲಹ್!" ಅಂತ ಕಿರುಚಿದಳು. "ಮಾಲಹ್ ಅಂದೆ ಖಾಲ್ತಿ! ಉಪ್ಪು! ಹಾಲು ಉಪ್ಪಾಗಿದೆ, ತುಂಬಾ ಉಪ್ಪಾಗಿದೆ ಅಂತ ಕೂಗಿದೆ!"

ಈ ಭಾಷೆ ಕಟ್ಟಿದವರನ್ನು ಏನನ್ನಬೇಕು? ಒಳ್ಳೆಯದಕ್ಕೂ ಉಪ್ಪಿಗೂ ಅಷ್ಟು ಹತ್ತಿರದ ಮಾತು ಯಾಕೆ ಇಟ್ಟರು? ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಿಜಕ್ಕೂ ಅತ್ತಳು.

ಮಧ್ಯಾಹ್ನ ಲಖ್ದರನ ಅಕ್ಕನ ಮನೆಗೆ ಹೋದೆವು. ಅವನು ಗೋಡೆ ಕಡೆ ಮುಖ ಮಾಡಿ ಕೂತಿದ್ದ.

"ನಾನು ನೀರು ಹಾಕ್ದೋನಲ್ಲ ಅಂತ ಇಲ್ಲಿ ಹೇಳಿದ್ರೆ ಆಗಲ್ಲ ಹಾಜ್ಜಾ. ಕಾಫಿ ಅಂಗಡಿ ಮುಂದೆ ಹೇಳಬೇಕು. ಗಂಡಸರೆಲ್ಲ ಕೂತಿರೋವಾಗ."

ಹೇಳಿದೆ. ಕಾಫಿ ಅಂಗಡಿಯ ಮುಂದೆ ನಿಂತು, "ಲಖ್ದರ್ ನೀರು ಹಾಕಿಲ್ಲ, ನಾನು ಉಪ್ಪು ಹಾಕಿದ್ದೆ" ಅಂತ ಗಟ್ಟಿಯಾಗಿ ಹೇಳಿದೆ. ಆ ಮೇಜುಗಳ ನಡುವೆ ನಾನು ಈವರೆಗೆ ಕಾಲಿಟ್ಟವಳಲ್ಲ. ಪಗಡೆ ಆಡುತ್ತಿದ್ದವರೆಲ್ಲ ಕಾಯಿ ಹಿಡಿದ ಕೈ ಹಾಗೇ ನಿಲ್ಲಿಸಿದರು. ಯಾರೋ "ಸಕ್ಕರೆ ಯಾಕೆ ಹಾಕಲಿಲ್ಲ ಹಾಜ್ಜಾ?" ಅಂದ. ಲಖ್ದರ್ ಅವನನ್ನು ಹೊಡೆಯಲು ಹೋದ. ಅಲ್ಲಿಗೆ ರಾಜಿಯಾಯಿತು.

ಫೆಬ್ರವರಿ ೨೦, ಗುರುವಾರ

ಹಾಲನ್ನು ಬರಿಮೈಯಲ್ಲಿ ಕಳಿಸಿದೆ. ಉಪ್ಪಿನ ಡಬ್ಬಿಯನ್ನು ಲಖ್ದರ್ ತನ್ನ ಕೋಣೆಯಲ್ಲಿ ಇಟ್ಟು ಬೀಗ ಹಾಕಿಕೊಂಡಿದ್ದಾನೆ. ಅಡುಗೆಗೆ ಬೇಕಾದರೆ ಕೇಳಿ ತೆಗೆದುಕೊಳ್ಳಬೇಕಂತೆ. ಏನು ಠೀವಿ!

ಹಾಲು ಮನೆ ಬಿಟ್ಟ ಕೂಡಲೇ ನನಗೆ ಒಳಗೆ ಕೂರಲಾಗಲಿಲ್ಲ. ಮಗು ಬಟ್ಟೆಯಿಲ್ಲದೆ ಬೀದಿಗೆ ಓಡಿದ ಹಾಗೆ. ಕೊಟ್ಟಿಗೆಗೆ ನಡೆದೇ ಹೋದೆ.

ಕೆಂಪಿ ನಿಂತಳು. ಪೊರೆಯ ಡಬ್ಬಿಯಿಂದ ಮೊದಲು ನೀರಿನಂಥದ್ದು ಬಂತು, ಆಮೇಲೆ ಸುಂದುಸ್ ಉಪ್ಪುನೀರಿನ ಕೊಳವೆ ತಿರುಗಿಸಿದಳು. ಕೊಳವೆಯಲ್ಲಿ ದಾಳಿಂಬೆ ತೊಳೆದ ನೀರಿನ ಬಣ್ಣ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಹಳೆಯ ಕಾಲದವರು ಕಾಳಿನಂಥ ಸಣ್ಣ ಮಣಿ ತುಂಬಿದ ಉದ್ದನೆ ಕೊಳವೆಯಲ್ಲಿ ತಿಳಿಯನ್ನು ಬಿಡುತ್ತಿದ್ದರಂತೆ, ಅದು ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲವಂತೆ. ಪೊರೆಯಾದರೆ ಸರಸರ. ನಮ್ಮ ಪೊರೆ ಒಳ್ಳೆಯದು.

ಫೆಬ್ರವರಿ ೨೩, ಭಾನುವಾರ

ಲಖ್ದರನ ಅಕ್ಕ ಕೊಟ್ಟಿಗೆ ನೋಡಲು ಬಂದಿದ್ದಳು. "ಓ, ಜರಡಿ" ಅಂದಳು. ಜರಡಿ ಅಲ್ಲ ಅಂತ ಕೂರಿಸಿಕೊಂಡು ಹೇಳಬೇಕಾಯಿತು. ಋಣ ಧನ ಎಲ್ಲ. ಜನಕ್ಕೆ ಇಷ್ಟು ಸಣ್ಣ ವಿಷಯವೂ ತಲೆಗೆ ಹತ್ತುವುದಿಲ್ಲವಲ್ಲ! ಅರ್ಧದಲ್ಲೇ ಆಕಳಿಸಿದಳು.

ಫೆಬ್ರವರಿ ೨೫, ಮಂಗಳವಾರ

ಕಂಪನಿಯವರು ಬಂದರು. ಮುಖ್ಯ ಹೆಂಗಸಿನ ಹೆಸರು ಮದಾಮ್ ನುಸೈಬಾ. ಇಷ್ಟು ದೂರದ ದಾರಿಯಲ್ಲಿ ಬಂದರೂ ಬೂಟಿನ ಮೇಲೆ ಒಂದು ಕಣ ಮರಳಿಲ್ಲ. ಒಂಟೆಗಳನ್ನು ನೋಡಿ "ಎಷ್ಟು ಸುಂದರ, ಎಷ್ಟು ಹಾಲು!" ಅಂದಳು. ಅಷ್ಟೇ. ಮುಂದೆ ದೇವರ ಹೆಸರಿಲ್ಲ. ನನ್ನ ಕೈ ತಾನಾಗೇ ಅಡುಗೆಮನೆಯ ಕಪಾಟಿನ ಕಡೆ ಹೋಯಿತು. ಡಬ್ಬಿ ಅಲ್ಲಿರಲಿಲ್ಲ. ಲಖ್ದರ್ ಬಾಗಿಲಲ್ಲಿ ನಿಂತು ಬೀಗದ ಕೈ ಕುಣಿಸಿದ. ಅವನ ಮನೆ ತಣ್ಣಗಿರಲಿ.

ಕೆಂಪಿ ಬಂದಳು. ಅವರು ಅಳೆದರು, ತಲೆ ಆಡಿಸಿದರು. ಸುಂದುಸ್ ಮುಖ ಅರಳುವಷ್ಟರಲ್ಲಿ ಮದಾಮ್ ಅಂದಳು, "ಚೆನ್ನಾಗಿದೆ ಡಾಕ್ಟರ್. ಆದರೆ ಇದು ನಿಮ್ಮ ದೊಡ್ಡಮ್ಮನ ಮನೆ ಹಾಲು. ನಾವು ಕೊಳ್ಳೋದು ಊರಿನ ಹಾಲು. ನಾಳೆ ಬೇರೆ ಯಾರದಾದರೂ ಹಾಲಲ್ಲಿ ತೋರಿಸಿ. ಅದಾದರೆ ಸಹಿ, ಇಲ್ಲದಿದ್ದರೆ ನಾಳೆ ಸಾಯಂಕಾಲದ ವಿಮಾನ."

ನಮ್ಮನ್ನು ಬಿಟ್ಟರೆ ಹತ್ತಿರದಲ್ಲಿ ಹಾಲು ಕೊಡುವ ಒಂಟೆ ಇರುವುದು ಒಂದೇ ಮನೆಯಲ್ಲಿ.

ತುರ್ಕಿಯಾ.

ಫೆಬ್ರವರಿ ೨೬, ಬುಧವಾರ

ಮುಖ್ಯ ವಿಷಯ ಮೊದಲು: ಸಹಿ ಆಯಿತು. ಕೊಟ್ಟಿಗೆ ಉಳಿಯಿತು. ಸುಂದುಸ್ ಎಲ್ಲಿಗೂ ಹೋಗುವುದಿಲ್ಲ. ಈಗ ಹೇಗಾಯಿತು ಅಂತ ಬರೆಯುತ್ತೇನೆ.

ಬೆಳಿಗ್ಗೆ ತುರ್ಕಿಯಾಳ ಕ್ಯಾನು ಕೊಟ್ಟಿಗೆಗೆ ಬಂತು. ಸುಂದುಸ್ ಕಡ್ಡಿ ಅದ್ದಿದಳು. ಅವಳ ಮುಖ ಸುಣ್ಣದ ಗೋಡೆಯಷ್ಟೇ ಬೆಳ್ಳಗಾಯಿತು. ಅವಳು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು. ಮದಾಮ್‌ಗೆ ಚಹಾ ಕೊಡು, ಎರಡನೇ ಲೋಟವನ್ನೂ ಕೊಡು, ಮೂರನೆಯದನ್ನೂ ಕೊಡು, ನಾನು ಬಂದೆ ಅಂತ ಹೇಳಿ ಲಖ್ದರನ ಗಾಡಿ ಹತ್ತಿದೆ.

ತುರ್ಕಿಯಾ ಗಂಡಸರ ಹಾಗೆ ಒಂಟಿ ಕಾಲಲ್ಲಿ ನಿಂತು, ಮೊಣಕಾಲ ಮೇಲೆ ಬೋಗುಣಿ ಇಟ್ಟುಕೊಂಡು ಹಾಲು ಕರೆಯುತ್ತಾಳೆ. ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಅವಳೇ ಎಲ್ಲ. ಇನ್ನೂ ಎರಡು ಒಂಟೆ ಕರೆಯದೆ ಉಳಿದಿದ್ದವು.

"ಹಾಲಿಗೆ ಉಪ್ಪು ಹಾಕಿದ್ದೀಯಾ?"

"ಹಾಕದೆ ಇರ್ತೀನಾ? ಹಾಲು ನಿಮ್ಮ ಕೊಟ್ಟಿಗೆಗೇ ಹೋಗಬೇಕಲ್ಲ."

"ನಮ್ಮ ಕೊಟ್ಟಿಗೆಯಲ್ಲಿ ಏನಿದೆ?"

"ನೀನಿದ್ದೀಯಲ್ಲ."

ನನ್ನ ಎರಡೂ ಕಣ್ಣು ಮುಟ್ಟಿ ನೋಡಿಕೊಂಡೆ.

"ನನ್ನ ಕಣ್ಣಾ? ನನ್ನದಾ?"

"ಊರಿಗೆಲ್ಲ ಗೊತ್ತಿರೋದೇ ಉಮ್ಮುಲ್‌ಖೈರ್, ನಿನಗೊಬ್ಬಳಿಗೇ ಯಾರೂ ಹೇಳಿಲ್ಲ ಅಷ್ಟೆ. ನಮ್ಮ ಹೆಣ್ಣೊಂಟೆ ನೋಡಿ 'ಎಷ್ಟು ದುಂಡಗಾಗಿದೆ' ಅಂದೆ. ಮಾರನೇ ದಿನಾನೇ ಕುಂಟಿತು."

"ಮಾಶಾ ಅಲ್ಲಾ ಅಂದಿದ್ದೆ ನಾನು!"

"ಕೆಮ್ಮಿದೆ. ಆ ಕೆಮ್ಮಲ್ಲೇ ಅದು ಹೋಯ್ತು."

ಜಗಳಕ್ಕೆ ಹೊತ್ತಿರಲಿಲ್ಲ. ಇರುವ ವಿಷಯ ಹೇಳಿದೆ. ಪೊರೆ, ಋಣ, ಧನ, ದಿಂಬಿನ ಮೇಲೆ ಕೂತ ನೆಂಟರು. ತುರ್ಕಿಯಾ ಪೂರ್ತಿ ಕೇಳಿದಳು, ಆಕಳಿಸಲಿಲ್ಲ. "ಅಂದ್ರೆ ಕೊನೆಗೆ ಉಪ್ಪು ಹಾಕೇ ಹಾಕ್ತೀರಿ?" ಅಂದಳು. "ಹಾಕೇ ಹಾಕ್ತೀವಿ, ಮೊದಲು ಕೆಂಪಿ ಕೂರಲಿ" ಅಂದೆ. ಯೋಚಿಸಿದಳು.

"ಉಳಿದ ಎರಡನ್ನ ಉಪ್ಪಿಲ್ಲದೆ ಕರೆದು ಕೊಡ್ತೀನಿ. ಆದ್ರೆ ನೀನು ಹೀಗೆ ನೋಡ್ತಾ ನಿಂತರೆ ಆಗಲ್ಲ."

"ಹೊರಗೆ ಹೋಗ್ತೀನಿ."

"ಹೋದ್ರೆ ಇನ್ನೂ ಹೆದರಿಕೆ. ದಾರೀಲಿ ಯಾವ ಮೂಲೇಲಿ ನಿಂತು ನೋಡ್ತೀಯೋ."

ನಾನು ತಲೆಗೆ ಸುತ್ತಿದ್ದ ಬಟ್ಟೆಯ ಸೆರಗನ್ನು ಎಳೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ. ಅವಳು ಬೆರಳು ತೂರಿಸಿ ಪರೀಕ್ಷೆ ಮಾಡಿದಳು. "ಹಾಲು ಆ ಪೊರೆ ದಾಟೋವರೆಗೂ ಬಿಚ್ಚಬಾರದು" ಅಂದಳು. ಆಯಿತು ಅಂದೆ. ಕೆಲಸ ಆಗಬೇಕಲ್ಲ.

ಹಾಲು ಬೋಗುಣಿಗೆ ಬೀಳುವ ಸದ್ದು ಕೇಳುತ್ತಾ ಕೂತೆ. ತುರ್ಕಿಯಾಳ ಕೈ ಒಳ್ಳೆಯದು, ಒಂದೇ ಸಮ ಧಾರೆ. ಲಖ್ದರನದ್ದು ಹಾಗಿಲ್ಲ, ನಡುನಡುವೆ ನಿಲ್ಲುತ್ತದೆ. ಆಮೇಲೆ ಗಾಡಿಯಲ್ಲಿ ಮುಂದೆ ಮೂರು ಜನ, ನಾನು ನಡುವೆ. ಕಾಫಿ ಅಂಗಡಿಯ ಮುಂದೆ ಹೋಗುವಾಗ ಸದ್ದೆಲ್ಲ ನಿಂತಿತು. "ಹಾಜ್ಜಾನ ಎತ್ತಾಕ್ಕೊಂಡು ಹೋಗ್ತಿದ್ದಾರೋ!" ಅಂತ ಯಾರೋ ಕೂಗಿದ. ಲಖ್ದರ್ ಗಾಡಿ ನಿಲ್ಲಿಸಿ ಇಳಿಯಲು ಹೋದ. ಇಬ್ಬರೂ ಸೇರಿ ಅವನನ್ನು ಎಳೆದು ಕೂರಿಸಿದೆವು.

ತುರ್ಕಿಯಾ ಕೈ ಹಿಡಿದು ಇಳಿಸಿದಳು. ಅವಳ ಕೈ ನಾನು ಹಿಡಿದಿದ್ದು ಯಾವ ಕಾಲದಲ್ಲೋ, ಅವಳ ಮದುವೆಯಲ್ಲಿ ಗೋರಂಟಿ ಹಚ್ಚುವಾಗ ಇರಬೇಕು.

"ಕಣ್ಣಿಗೆ ಏನಾಯಿತು?" ಮದಾಮ್‌ಳ ದನಿ.

"ಮರಳು ಹೋಗಿದೆ," ಅಂದಳು ತುರ್ಕಿಯಾ.

"ಎರಡಕ್ಕೂ?"

"ಎರಡಕ್ಕೂ," ಅಂದೆ ನಾನು.

ಸುಂದುಸ್ ಕಡ್ಡಿ ಅದ್ದಿರಬೇಕು, ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಹಾಲು ಒಡೆಸಿ ತಿಳಿ ಮಾಡುವವರೆಗೂ ಗೋಡೆಗೆ ಒರಗಿ ಕೂತಿದ್ದೆ. ಲಖ್ದರ್ ನನ್ನ ಬಾಯಿಗೆ ಖರ್ಜೂರ ಹಾಕಿದ, ಬೀಜ ತೆಗೆಯದೆ. ಕೊನೆಗೆ ಪಂಪಿನ ಸದ್ದು ಹತ್ತಿತು. ಬಕೆಟ್ಟಿಗೆ ನೀರು ಬೀಳುತ್ತಿತ್ತು. ಮಿಕ್ಕವರು ಹೋಗುತ್ತಿದ್ದಾರೆ, ಕೆಂಪಿ ಕೂತಿದ್ದಾಳೋ ಇಲ್ಲವೋ ಯಾರಿಗೆ ಗೊತ್ತು?

"ತಿರುಗಿಸಿದಳು," ಅಂತ ತುರ್ಕಿಯಾ ಕಿವಿಯಲ್ಲಿ ಅಂದಳು. "ಉಪ್ಪುನೀರು."

"ಬಂತಾ?"

"ಇಲ್ಲ. ಬರೀ ನೀರು."

"ತಡಿ, ಮೊದಲು ಹಾಗೇ ಬರೋದು. ಈಗ?"

ಅವಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಂಗುರ ಚುಚ್ಚಿತು.

"ತುರ್ಕಿಯಾ, ಬಾಯಿಬಿಡೇ!"

"ಅಯ್ಯೋ ಉಮ್ಮುಲ್‌ಖೈರ್, ಎಂಥಾ ಚೆಲುವೆ! ನಮ್ಮ ಹಾಲಲ್ಲಿ ಇವಳಿದ್ದಳಾ? ಹುಟ್ಟಿದ ಕೂಸಿನ ಅಂಗಾಲು ಇದ್ದಂಗಿದೆ. ಎಷ್ಟು ತಿಳಿ, ಎಷ್ಟು ಚೆಂದ, ಇಂಥದ್ದು ನಾನು ನೋಡೇ ಇಲ್ಲ..."

ಹೊಗಳಿದಳು. ಆ ತಿಳಿ ಕಣ್ಣನ್ನು ಪೂರಾ ಬಿಟ್ಟುಕೊಂಡು ನೋಡುತ್ತಾ ಹೊಗಳಿದಳು, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಸಲವೂ ದೇವರ ಹೆಸರು ತರಲಿಲ್ಲ. ಸುಂದುಸ್ ಆ ಕಡೆ ನಗುತ್ತಿದ್ದಳು, ಮದಾಮ್ ಪೆನ್ನು ಕೇಳುತ್ತಿದ್ದಳು. ಹಾಲು ಪೊರೆ ದಾಟಿಯಾಗಿತ್ತು, ಬಟ್ಟೆ ಬಿಚ್ಚಬಹುದಿತ್ತು. ನಾನು ಬಿಚ್ಚಲಿಲ್ಲ.

"ಇನ್ನೂ ಹೇಳು," ಅಂದೆ.